ಎಡಗಡೆಯ ಒಂಬತ್ತು ಮಿಲಿಮೀಟರ್

ಇಟಲಿಯ ಮೊದೆನಾ ಊರಿನ ಹೊರಗೆ ನನ್ನ ಶೆಡ್ಡಿದೆ. ಮೂವತ್ತು ವರ್ಷದಿಂದ ಹಳೆಯ ಕಾರುಗಳ ಟಿಂಕರಿಂಗ್ ಮಾಡುತ್ತಿದ್ದೇನೆ. ವಾರೆಯಾಗಿರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಿಂದಲೇ ನೀವೆಸ್ ಎಂಬಾಕೆಯ ಕಾರು ಮಾರಾಟವಾಗದೆ ಉಳಿಯುವುದರಲ್ಲಿತ್ತು.

ಅದು ಅರವತ್ತೇಳನೇ ಇಸವಿಯ ಕಾರು, ಹನ್ನೆರಡು ಸಿಲಿಂಡರಿನದು. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಇಂಥವನ್ನು ಕೇಳುವವರಿರಲಿಲ್ಲ. ಆಕೆಯ ಗಂಡ, ಹಲ್ಲಿನ ಡಾಕ್ಟರ್, ಒಂದು ಟ್ರ್ಯಾಕ್ಟರಿನ ಬೆಲೆಗೆ ಕೊಂಡಿದ್ದ. ಈಗ ಜೂರಿಕ್‌ನವನೊಬ್ಬ ಎಂಟು ಲಕ್ಷ ಯೂರೋ ಕೊಡುತ್ತೇನೆಂದ. ಒಂದೇ ಷರತ್ತು: ಮೈತಗಡು ಕಾರ್ಖಾನೆಯದ್ದೇ ಆಗಿರಬೇಕು. ಗಂಡ ತೀರಿಕೊಂಡ ಮೇಲೆ ನೀವೆಸ್ ಚೆರ್ವಿಯಾದಲ್ಲಿ ಸಮುದ್ರ ಕಾಣುವ ಒಂದು ಮನೆ ನೋಡಿಟ್ಟಿದ್ದಳು. ಕಾರು ಹೋದರೆ ಮನೆ.

ಕಾರ್ಖಾನೆಯಲ್ಲಿ ಆ ತಗಡನ್ನು ಬಡಿದವರು ಇಬ್ಬರು. ಎಡಗಡೆ ನಮ್ಮಪ್ಪ, ಬಲಗಡೆ ಅವನ ಜೊತೆಗಾರ ಲೆಯಾರ್ಕೊ. ಒಂದು ನಕ್ಷೆ, ತಗಡಿಗೆ ಆಕಾರ ಕೊಡುವ ಮರದ ದಿಮ್ಮಿ, ಮರಳಿನ ಚೀಲ, ಸುತ್ತಿಗೆ, ಕಣ್ಣಳತೆ, ಅಷ್ಟೇ. ಒಬ್ಬೊಬ್ಬರದು ಒಂದೊಂದು ಮಗ್ಗುಲು, ಇನ್ನೊಬ್ಬನ ಕಡೆ ಕೈ ಹಾಕುವಂತಿರಲಿಲ್ಲ. ಮಾರುವ ಮುಂಚೆ ಹೊಸ ಬಣ್ಣಕ್ಕೆಂದು ಕಾರು ನನ್ನ ಶೆಡ್ಡಿಗೆ ಬಂತು. ಹಳೆ ಬಣ್ಣ ತೆಗೆದು ಅಳೆದಾಗ ಎಡ ಮಡ್‌ಗಾರ್ಡ್ ಬಲದ್ದಕ್ಕಿಂತ ಒಂಬತ್ತು ಮಿಲಿಮೀಟರ್ ತಗ್ಗಿತ್ತು. ಸತ್ತ ಅಪ್ಪನ ತಪ್ಪು ಊರಿಗೆಲ್ಲ ಯಾಕೆ ಗೊತ್ತಾಗಬೇಕು? ಎರಡು ವಾರ ಬಡಿದು, ಎಬ್ಬಿಸಿ, ಸಮ ಮಾಡಿದೆ. ಯಾರಿಗೂ ಹೇಳಲಿಲ್ಲ.

ಆಮೇಲೆ ಕಳಿಸಿದ ಫೋಟೋ ನೋಡಿ, ಜೂರಿಕ್‌ನವನ ಪರವಾಗಿ ಕಾರು ಪರೀಕ್ಷಿಸುವ ಗಾಲಾಸ್ಸಿ ಫೋನ್ ಮಾಡಿದ. ಈ ಸರಣಿಯ ಅಷ್ಟೂ ಕಾರುಗಳ ಮೂತಿ ವಾರೆ, ಇದೊಂದು ನೆಟ್ಟಗೆ ಕಾಣುತ್ತಿದೆ, ನಕಲಿ ಮೈ ಇರಬಹುದು, ಮುಂದಿನ ವಾರ ಬಂದು ಅಳೆಯುತ್ತೇನೆ ಎಂದ. ನಾನು ಅವನ ಹುಟ್ಟಿನ ಬಗ್ಗೆ ಏನೋ ಅಂದು ಫೋನ್ ಇಟ್ಟೆ.

ಆಮೇಲೆ ಲೆಯಾರ್ಕೊನ ಮನೆಗೆ ಹೋದೆ. ಅವನಿಗೆ ಈಗ ತೊಂಬತ್ತೊಂದು. ತೊರ್ತೆಲ್ಲಿನಿ ಅನ್ನುವ ಪುಟ್ಟ ಕಡುಬಿನ ಸಾರು ಕುಡಿಯುತ್ತಿದ್ದ. ಎಲ್ಲ ಕೇಳಿ ಚಮಚ ಕೆಳಗಿಟ್ಟ.

"ಲೇ ಎರ್ಮೆಸ್, ನಿಮ್ಮಪ್ಪ ನಕ್ಷೆ ಬಿಟ್ಟು ಕೂದಲಷ್ಟೂ ಆಚೀಚೆ ಹೋದೋನಲ್ಲ ಕಣೋ. ಎತ್ತರ ಹೋಗಿದ್ದು ನಂದು. ನನ್ನ ದಿಮ್ಮಿ ಉಬ್ಬಿತ್ತು. ದಿನಾ ಬೈತಿದ್ದ."

"ಮತ್ತೆ ಸರಿ ಮಾಡ್ಲಿಲ್ವಾ ಮೇಸ್ತ್ರಿ?"

"ಅವನು ಬೈದ ಅಂತ್ಲೇ ಮಾಡ್ಲಿಲ್ಲ. ನೀನೂ ಬೈಯೋದ್ರಲ್ಲಿ ಅವನ ಥರಾನೇ. ನಕ್ಷೆ ನೋಡೋದೊಂದು ಕಲೀಲಿಲ್ಲ."

ಇಡೀ ಕಾರಿನಲ್ಲಿ ಸರಿಯಾಗಿದ್ದ ಒಂದೇ ಮಗ್ಗುಲನ್ನು ನಾನು ಕೆಡಿಸಿದ್ದೆ. ನಾಲ್ಕು ದಿನ ಬಡಿದು ಮತ್ತೆ ತಗ್ಗಿಸಿದೆ.

ಗಾಲಾಸ್ಸಿ ಬಂದು ಅಳೆದ. ಒಂಬತ್ತು. ಫೋಟೋದ ಕೋನ ಸರಿ ಇರಲಿಲ್ಲವೇನೋ ಎಂದು ಸಹಿ ಹಾಕಲು ಪೆನ್ನು ತೆಗೆದ. ಪಕ್ಕದಲ್ಲಿದ್ದ ನೀವೆಸ್ ನೆಮ್ಮದಿಯ ಉಸಿರು ಬಿಟ್ಟಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ನಾಳೆ ಜೂರಿಕ್‌ನಲ್ಲಿ ಯಾವನೋ ಒಳಗೆ ಬಗ್ಗಿ ನೋಡಿ, ಈ ಹೊಸ ಸುತ್ತಿಗೆ ಗುರುತುಗಳನ್ನು ನಮ್ಮಪ್ಪನ ಕೆಲಸ ಅಂದುಕೊಳ್ಳುತ್ತಾನೆ. ಅದು ನನ್ನಿಂದ ಆಗಲಿಲ್ಲ. ಟಾರ್ಚ್ ಹಿಡಿದು ಗಾಲಾಸ್ಸಿಗೆ ಎಲ್ಲವನ್ನೂ ತೋರಿಸಿದೆ.

"ಆ ಸುತ್ತಿಗೇನ ನಿನ್ ಬಾಯಿಗೇ ಹೊಡ್ಕೋಬಾರ್ದಿತ್ತಾ, ಎರ್ಮೆಸ್," ಎಂದಳು ನೀವೆಸ್.

ಮೈ ಮೂಲದ್ದೇ, ಎಡ ಮಡ್‌ಗಾರ್ಡ್ ಕೆಡಿಸಿ ರಿಪೇರಿ ಮಾಡಲಾಗಿದೆ ಎಂದು ಗಾಲಾಸ್ಸಿ ಬರೆದ. ಜೂರಿಕ್‌ನವನು ಎಪ್ಪತ್ತು ಸಾವಿರ ಕಡಿಮೆ ಮಾಡಿ ಕಾರು ತೆಗೆದುಕೊಂಡು ಹೋದ. ನಾನು ಕೂಲಿ ಕೇಳಲಿಲ್ಲ.

ನೀವೆಸ್ ಚೆರ್ವಿಯಾದಲ್ಲೇ ಮನೆ ಕೊಂಡಳು, ಸಮುದ್ರದಿಂದ ಎರಡು ಬೀದಿ ಹಿಂದೆ. ಆಗಸ್ಟಿನಲ್ಲಿ ಹೋಗಿದ್ದೆ. ಕಾಫಿ ಕೊಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದಳು. ಅಲ್ಲಿಂದ ರೈಲು ಹಳಿ ಚೆನ್ನಾಗಿ ಕಾಣುತ್ತದೆ.