ಹನ್ನೊಂದು ಗಂಟೆಯ ನೀಲಿ

ಇದು ನಡೆದದ್ದು ನಡೆದ ಹಾಗೆ. ನಾನು ಹೇಳುವ ಯಾವುದನ್ನೂ ನಮ್ಮ ಮನೆಯವರು ಅರ್ಧಕ್ಕಿಳಿಸದೆ ನಂಬುವುದಿಲ್ಲ. ನೀವು ಪೂರ್ತಿ ನಂಬಿ. ಬೇಕಾದರೆ ನನ್ನ ಬಿಳಿ ಅಂಗಿಯ ಜೇಬನ್ನು ತಿರುವಿ ತೋರಿಸುತ್ತೇನೆ. ಅದರ ಮೂಲೆಯಲ್ಲಿ ಇವತ್ತಿಗೂ ಒಂದಿಷ್ಟು ನೀಲಿ ಅಂಟಿಕೊಂಡಿದೆ. ಎಷ್ಟು ಉಜ್ಜಿದರೂ ಹೋಗಿಲ್ಲ.

ನನ್ನ ಚಿಕ್ಕಪ್ಪ ಕ್ರೇನ್ ಆಪರೇಟರ್. ಏಳುತ್ತಿರುವ ಕಟ್ಟಡದ ಪಕ್ಕದಲ್ಲಿ ಹಳದಿ ಕೈ ಚಾಚಿ ನಿಂತಿರುತ್ತದಲ್ಲ, ಆ ಎತ್ತರದ ಕ್ರೇನು. ಅದರ ತುದಿಯ ಗಾಜಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕೂತವರು. "ಊರಿಗೆ ಊರೇ ನನ್ನ ಕಾಲ ಕೆಳಗಿರುತ್ತೆ ಅಮ್ಮಾ" ಎಂದು ಅಜ್ಜಿಯ ಮುಂದೆ ಬಡಾಯಿ ಕೊಚ್ಚುತ್ತಿದ್ದರು. "ಇರಲಿ, ಒಳಗೆ ಬರುವಾಗ ಆ ಕಾಲು ತೊಳ್ಕೊಂಡು ಬಾ" ಎನ್ನುತ್ತಿದ್ದಳು ಅಜ್ಜಿ.

ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಬ್ಬಿಣದ ಸರಳುಗಳ ಹೊರೆಯನ್ನು ಇಳಿಸುತ್ತಿದ್ದಾಗ ಗಾಳಿ ಬೀಸಿತು, ಕಟ್ಟಿದ್ದ ಬೆಲ್ಟು ಒಂದು ಕಡೆ ಜಾರಿತು. ಹೊರೆ ಓಲಾಡಿ, ಕೆಳಗಿದ್ದ ಇಬ್ಬರ ತಲೆಯ ಮೇಲೆ ಒಂದು ಮೊಳದಷ್ಟು ಅಂತರದಲ್ಲಿ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ತಪ್ಪು ಚಿಕ್ಕಪ್ಪನದಲ್ಲವೆಂದು ಕಂಪನಿಯೇ ಬರೆದುಕೊಟ್ಟಿತು. ಆದರೆ ಅವರ ರಕ್ತ ಆ ಕಾಗದವನ್ನು ಓದಲಿಲ್ಲ. ಮರುವಾರದ ತಪಾಸಣೆಯಲ್ಲಿ ಬಿ.ಪಿ. ನೂರ ಅರವತ್ತೆಂಟು. ಎರಡು ತಿಂಗಳ ನಂತರ ನೂರ ಅರವತ್ತು. ಅವರನ್ನು ಉಗ್ರಾಣದಲ್ಲಿ ಕೂರಿಸಿ ಹೆಲ್ಮೆಟ್, ಕೈಗವಸು, ಬೋಲ್ಟು ಎಣಿಸುವ ಕೆಲಸ ಕೊಟ್ಟರು. ಮೂರನೇ ತಪಾಸಣೆಯಲ್ಲೂ ನೂರ ನಲವತ್ತರ ಕೆಳಗೆ ಬಾರದಿದ್ದರೆ ಕ್ರೇನ್ ನಡೆಸುವ ಪರವಾನಗಿ ಕಾರ್ಡು ವಾಪಸು, ನಿವೃತ್ತಿಯವರೆಗೆ ಬೋಲ್ಟೇ ಗತಿ.

ಕಂಪನಿಯ ನರ್ಸಮ್ಮನಿಗೆ ನಾನಿಟ್ಟ ಹೆಸರು ಪಟ್ಟಿ ಸಿಸ್ಟರ್. ತೋಳಿಗೆ ಪಟ್ಟಿ ಸುತ್ತುವ ಕೆಲಸವೂ ಹೌದು, ಹಿಡಿದ ಪಟ್ಟು ಬಿಡದ ಸ್ವಭಾವವೂ ಹೌದು. ಪಟ್ಟಿ ಕಂಡೊಡನೆ ಚಿಕ್ಕಪ್ಪನ ಎದೆ ಹಾರುತ್ತದೆ, ಉಳಿದ ಹೊತ್ತಿನಲ್ಲಿ ಅಷ್ಟಿಲ್ಲ ಎಂದು ಕಂಡುಹಿಡಿದವರು ಅವರೇ. ಕಾಯುವ ಕೋಣೆಯಲ್ಲಿ ಬಿದ್ದಿದ್ದ ನೂರು ತುಂಡಿನ ಜಿಗ್ಸಾ ಪಜಲ್ ಒಂದನ್ನು ಕೈಗಿತ್ತು, "ಮಾತ್ರೆ ಜೊತೆಗೆ ಇದೂ. ದಿನಾ ಒಂದು ಗಂಟೆ" ಎಂದರು.

ಮೊದಲ ದಿನ ಚಿಕ್ಕಪ್ಪ ಅದನ್ನು ನೋಡಿದ ರೀತಿ ನೋಡಬೇಕಿತ್ತು. "ಟನ್ನುಗಟ್ಟಲೆ ಎತ್ತಿದ ಕೈಗೆ ರಟ್ಟಿನ ಚೂರಾ?" ಎಂದರು. ಅರ್ಧ ಗಂಟೆಯ ನಂತರ ಊಟಕ್ಕೆ ಕರೆದರೆ ಕೇಳಿಸಲಿಲ್ಲ. ಒಂದು ವಾರದ ನಂತರ ಐನೂರು ತುಂಡಿನದು ಬಂತು. ಆಮೇಲೆ ಸಾವಿರದ್ದು. ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಜಾಗದ ಮೇಲೆ ಕ್ಷಣಕಾಲ ತೂಗಾಡಿಸಿ, ನೇರ ಕೆಳಗಿಳಿಸುವರು, ಥೇಟ್ ಕ್ರೇನು. ತುಂಡು ಕೂತ ಕೂಡಲೇ ಒಂದು ಸಣ್ಣ 'ಟಕ್'. ಆ ಸದ್ದಿಗೆ ಅವರ ಭುಜ ಒಂದು ನೂಲಿನಷ್ಟು ಕೆಳಗಿಳಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಾವಿರ ತುಂಡು, ಸಾವಿರ ನೂಲು.

"ಈ ಜಿಗುಟ್ಸಾ ಹಿಡಿದ ಮೇಲೆ ಇವನು ನಿದ್ದೇಲಿ ಕೂಗೋದು ನಿಂತಿದೆ" ಎಂದಳು ಅಜ್ಜಿ. ಮನೆಗೊಂದು ಕಾನೂನನ್ನೂ ಮಾಡಿದಳು: ಕೊನೆಯ ತುಂಡು ಇಟ್ಟವರು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಹೆಸರು, ತಾರೀಕು ಬರೆಯಬೇಕು. ಆರು ಪೆಟ್ಟಿಗೆ ಮುಗಿದಿದ್ದವು. ಆರಕ್ಕೂ ಚಿಕ್ಕಪ್ಪನ ರುಜು. ನಾವು ಯಾರೂ ಕೈ ಹಾಕಿರಲಿಲ್ಲ. ಹಾಕುವ ಧೈರ್ಯವೇ ಇರಲಿಲ್ಲ.

ಯಾಕೆಂದರೆ ಆ ಐದು ತಿಂಗಳು ನಮ್ಮ ಮನೆ ಗಾಜಿನ ಅಂಗಡಿಯಾಗಿತ್ತು. ಬಾಗಿಲು ಬಡಿಯಬಾರದು, ಪಾತ್ರೆ ಬೀಳಬಾರದು. ನನಗಂತೂ ಬಾಯಿಗೇ ಬೀಗ. ಮಿಮಿಕ್ರಿ ನನ್ನ ಹುಟ್ಟುರೋಗ. ಚಿಕ್ಕಪ್ಪ ನನಗೆ 'ರೇಡಿಯೋ' ಎಂದೇ ಹೆಸರಿಟ್ಟಿದ್ದರು. ಅವರ ಮೇಸ್ತ್ರಿ ವಾಕಿಟಾಕಿಯಲ್ಲಿ ಮೂಗಿನಿಂದ ಮಾತಾಡುವುದನ್ನು ನಾನು ಮಾಡಿ ತೋರಿಸಿದರೆ ಮೊದಲೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆ ಘಟನೆಯ ನಂತರ ಒಮ್ಮೆ ಅಭ್ಯಾಸಬಲದಿಂದ "ಕ್ರ್‌ರ್... ಇಳಿಸಿ" ಎಂದೆ. ಚಿಕ್ಕಮ್ಮ ನನ್ನನ್ನು ನೋಡಿದ ನೋಟಕ್ಕೆ ರೇಡಿಯೋದ ಸೆಲ್ಲು ಅಲ್ಲಿಗೇ ಖಾಲಿ.

ಮೂರನೇ ತಪಾಸಣೆ ಭಾನುವಾರ ಹನ್ನೊಂದು ಗಂಟೆಗೆ, ನಮ್ಮ ಮನೆಯಲ್ಲೇ. "ಎಲ್ಲಿ ಕೂತು ನೋಡಬೇಕು ಅಂತ ನಿಯಮದಲ್ಲಿ ಬರೆದಿಲ್ಲ. ನಿಮ್ಮ ಪಜಲ್ ಮೇಜಿನ ಮುಂದೆಯೇ ನೋಡ್ತೀನಿ" ಎಂದಿದ್ದರು ಸಿಸ್ಟರ್. ಹತ್ತತ್ತು ನಿಮಿಷದ ಅಂತರದಲ್ಲಿ ಮೂರು ಸಲ, ಕೊನೆಯದೇ ಲೆಕ್ಕ. ಚಿಕ್ಕಪ್ಪ ಯೋಜನೆ ಹಾಕಿದರು. ಏಳನೇ ಪೆಟ್ಟಿಗೆ ಬಂದರಿನ ಚಿತ್ರ: ಕೆಳಗೆ ದೋಣಿಗಳು, ಮೇಲೆ ಬರೀ ಆಕಾಶ, ಅದರ ನಟ್ಟನಡುವೆ ಒಂದೇ ಒಂದು ಹಕ್ಕಿ. ಶನಿವಾರ ಸಂಜೆಯೊಳಗೆ ಎಲ್ಲ ಮುಗಿಸಿ ಒಂದಿಷ್ಟು ಆಕಾಶವನ್ನು ತಟ್ಟೆಯಲ್ಲಿ ಉಳಿಸಿಕೊಂಡರು. "ಕೊನೇ ತುಂಡುಗಳನ್ನ ಇಡ್ತಾ ಇದ್ರೆ ನನಗೆ ಈ ಲೋಕವೇ ಬೇಡ. ಆಗ ಪಟ್ಟಿ ಕಟ್ಟಲಿ, ನೋಡ್ತೀನಿ" ಎಂದರು. ಎಷ್ಟು ಉಳಿದಿವೆ ಎಂದು ಎಣಿಸಲಿಲ್ಲ. ವಾರವಿಡೀ ಬೋಲ್ಟು ಎಣಿಸಿದವರು ಮನೆಯಲ್ಲಿ ಏನನ್ನೂ ಎಣಿಸುತ್ತಿರಲಿಲ್ಲ.

ಅಲ್ಲೇ ನನ್ನ ಕೈ ತುರಿಸಿದ್ದು. ಐದು ತಿಂಗಳು ಅಡಗಿದ್ದ ತುಂಟತನ ಬೆರಳಿಗೆ ಇಳಿಯಿತು. ತಟ್ಟೆಯಿಂದ ಹಕ್ಕಿಯ ತುಂಡನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ತಪಾಸಣೆ ಮುಗಿದು ಗೆದ್ದ ಮೇಲೆ, ಎಲ್ಲರೂ ಹುಡುಕುವಾಗ, ಜೇಬಿನಿಂದ ಹಕ್ಕಿ ಹಾರಿಸಿ ಕೊನೆಯ ತುಂಡು ನನ್ನದೆಂದು ಮುಚ್ಚಳದ ಮೇಲೆ ರುಜು ಹಾಕುವುದು. ಇಷ್ಟೇ. ತಪಾಸಣೆ ಮುಗಿಯುವ ಮೊದಲೇ ತಟ್ಟೆ ಖಾಲಿಯಾದರೆ ಏನು ಗತಿ ಎಂದು ಯೋಚಿಸುವ ಅಂಗ ದೇವರು ನನಗೆ ಕೊಟ್ಟಿಲ್ಲ.

ಭಾನುವಾರ ಸರಿಯಾಗಿ ಹನ್ನೊಂದಕ್ಕೆ ಸಿಸ್ಟರ್ ಬಂದು, ಪಟ್ಟಿ ಸುತ್ತಿದರು. ಯಂತ್ರ ಗುರ್ ಎಂದು ಉಬ್ಬಿತು, ಉಸ್ಸೆಂದು ಇಳಿಯಿತು.

"ನೂರ ಐವತ್ತಾರು" ಎಂದರು. "ಪರವಾಗಿಲ್ಲ ಸರ್, ಮೊದಲನೇದು ಯಾವಾಗಲೂ ಹಾಗೇ. ನಿಮ್ಮ ಪಾಡಿಗೆ ನೀವು ಆಡಿ."

"ನನ್ನ ಬಿ.ಪಿ. ಈ ಮನೇಲಿ ಯಾರೂ ಕೇಳಲ್ಲ" ಎಂದಳು ಅಜ್ಜಿ ಮೂಲೆಯಿಂದ.

"ಅಮ್ಮಾ, ಸುಮ್ನಿರಿ" ಎಂದರು ಚಿಕ್ಕಮ್ಮ. ಅವರು ಬೆಳಿಗ್ಗೆಯಿಂದ ಕೂತಿರಲಿಲ್ಲ. ಕಿಟಕಿ ಒರೆಸಿದರು, ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿದರು.

ಚಿಕ್ಕಪ್ಪ ಒಂದು ನೀಲಿ ತುಂಡನ್ನು ಬೆಳಕಿಗೆ ಹಿಡಿದರು. ನಮಗೆ ಆ ಆಕಾಶವೆಲ್ಲ ಒಂದೇ ನೀಲಿ. ಅವರಿಗೆ ಹಾಗಲ್ಲ. "ಇದು ಮೂರು ಗಂಟೆಯದು, ಬಿಸಿಲು ಕುಡಿದು ಸುಸ್ತಾದ ನೀಲಿ. ಇದು ಬೆಳಗಿನ ಎಂಟರದ್ದು, ಇನ್ನೂ ಮುಖ ತೊಳೆದಿಲ್ಲ." ಟಕ್. ಟಕ್. "ಹಕ್ಕಿ ಎಲ್ಲಿ? ತಟ್ಟೇಲೇ ಎಲ್ಲೋ ಕೂತಿದೆ, ಸಿಗುತ್ತೆ ಬಿಡು."

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬು ಖಾಲಿ. ಯಾಕೆಂದರೆ ಅದು ಇವತ್ತಿನ ಅಂಗಿ.

ನಿನ್ನೆಯ ಅಂಗಿ ಕೋಣೆಯಲ್ಲಿರಲಿಲ್ಲ. ಬುಟ್ಟಿಯಲ್ಲೂ ಇರಲಿಲ್ಲ. ಅಡುಗೆಮನೆಯ ಪಕ್ಕದ ವಾಷಿಂಗ್ ಮೆಷಿನ್ನಿನ ಗುಂಡು ಗಾಜಿನ ಹಿಂದೆ ನನ್ನ ಬಿಳಿ ತೋಳೊಂದು ನೊರೆಯೊಳಗಿಂದ ಎದ್ದು, ನನ್ನತ್ತ ಕೈಬೀಸಿ, ಮತ್ತೆ ಮುಳುಗಿತು. ಬಾಗಿಲಿಗೆ ಬೀಗ ಬಿದ್ದಿತ್ತು. ಹದಿನಾರು ನಿಮಿಷ ಬಾಕಿ ಎಂದು ಕೆಂಪಕ್ಷರ ಹೇಳುತ್ತಿತ್ತು.

ವಾಪಸು ಬರುವ ಹೊತ್ತಿಗೆ ಎರಡನೇ ಸಲ ಪಟ್ಟಿ ಉಬ್ಬಿ ಇಳಿದಿತ್ತು. "ನೂರ ನಲವತ್ತಾರು! ನೋಡಿದ್ರಾ ಸರ್? ಇಳೀತಾ ಇದೆ." ಚಿಕ್ಕಪ್ಪ ತಲೆಯಾಡಿಸಿದರು. ಇನ್ನು ಏಳು ಬೇಕು. ಏಳೇ ಏಳು.

ತಟ್ಟೆಯಲ್ಲಿ ಐದು ತುಂಡು ಉಳಿದಿತ್ತು. ನಾಲ್ಕು. ಅವರ ಭುಜ ಇಳಿಯುತ್ತಿತ್ತು, ನನ್ನದು ಕಿವಿ ಮುಟ್ಟುತ್ತಿತ್ತು. ಮೂರು. ನಿಧಾನವಾಗಿ ಇಡಿ ಚಿಕ್ಕಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಎರಡು. ಒಂದು. ಟಕ್.

ತಟ್ಟೆ ಖಾಲಿ. ಚಿಕ್ಕಪ್ಪನ ಬೆರಳು ತಟ್ಟೆಯ ತಳವನ್ನು ಒಮ್ಮೆ ಸವರಿ ನಿಂತಿತು. ಅವರು ಚಿತ್ರ ನೋಡಿದರು. ನಾನೂ ನೋಡಿದೆ. ಹಕ್ಕಿಯ ಜಾಗದಲ್ಲಿ ತೂತು, ಸರಿ. ಅದು ನನ್ನದು. ಆದರೆ ಮೇಲೆ ಎಡಕ್ಕೆ, ಬರೀ ಆಕಾಶದಲ್ಲಿ, ಇನ್ನೊಂದು ತೂತಿತ್ತು.

ನಾನು ಕದ್ದದ್ದು ಒಂದು. ತೂತು ಎರಡು.

"ಮೂರನೇದಕ್ಕೆ ಐದು ನಿಮಿಷ" ಎಂದರು ಸಿಸ್ಟರ್ ಗಡಿಯಾರ ನೋಡುತ್ತ. "ಇನ್ನು ಮಾತು ಬೇಡ ಸರ್. ಮಾತಾಡಿದ್ರೆ ಏರುತ್ತೆ."

ಚಿಕ್ಕಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದರು. ಕುರ್ಚಿಯ ಸಂದಿಯಲ್ಲಿ ಬೆರಳಾಡಿಸಿದರು. ಅವರ ಹೆಬ್ಬೆರಳು ನಡುಗತೊಡಗಿತು. ಐದು ತಿಂಗಳ ಹಿಂದೆ ನಡುಗಿದ್ದೂ ಅದೇ ಹೆಬ್ಬೆರಳು. ಈಗ ಹೇಳಿಬಿಡಲೇ? 'ಹಕ್ಕಿ ನೊರೆಯಲ್ಲಿದೆ' ಎಂದರೆ ಇಳಿಯುತ್ತದೋ ಏರುತ್ತದೋ? ಒಳಗೆ ಮೆಷಿನ್ನು ಗಿರಗಿರ ಸುತ್ತುವುದಕ್ಕೆ ಶುರುವಿಟ್ಟಿತು.

"ಟಕ್" ಎಂದು ಒಂದು ಸದ್ದು. ಪಜಲ್‌ನದ್ದಲ್ಲ. ಚಿಕ್ಕಮ್ಮ ಉಗುರಿನಿಂದ ತಮ್ಮ ಫೋನಿನ ಹಿಂಬದಿಯ ಕವರ್ ಬಿಚ್ಚಿದ್ದರು. ಚೀಟಿಗಳನ್ನು ಇಟ್ಟುಕೊಳ್ಳುವ ಆ ಜಾಗದಿಂದ ಒಂದು ನೀಲಿ ತುಂಡನ್ನು ತೆಗೆದು ಅಂಗೈಯಲ್ಲಿ ಹಿಡಿದು ನಿಂತರು.

"ರೀ... ನಾನೇ ತೆಗೆದಿಟ್ಟಿದ್ದೆ" ಎಂದರು. ಅವರ ದನಿ ನಾನು ಎಂದೂ ಅನುಕರಿಸಲಾರದ ದನಿಯಾಗಿತ್ತು. "ಇದು ಮುಗೀದಿದ್ರೆ ನಿಮಗೆ ಸಮಾಧಾನ ಆಗಲ್ಲ, ನಂಬರ್ ಇಳಿಯಲ್ಲ, ನೀವು ಮತ್ತೆ ಆ ಗೂಡಿಗೆ ಹತ್ತಲ್ಲ ಅಂದ್ಕೊಂಡೆ. ಉಗ್ರಾಣದಲ್ಲಿ ಇದ್ರೆ ಸಂಜೆ ಬರ್ತೀರಿ ಅಂತ ಗೊತ್ತಿರುತ್ತೆ. ಆದ್ರೆ ಆ ಬೆರಳು ಹಾಗೆ ನಡುಗೋದನ್ನ ನೋಡೋಕಾಗಲ್ಲ. ತಗೊಳ್ಳಿ."

ಚಿಕ್ಕಪ್ಪ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರು. ಚಿಕ್ಕಪ್ಪ ಅಂಗೈ ಚಾಚಿದರು. ಚಿಕ್ಕಮ್ಮ ತುಂಡನ್ನು ಅದರಲ್ಲಿಟ್ಟರು. ಚಿಕ್ಕಪ್ಪ ತುಂಡಿನ ಜೊತೆ ಆ ಬೆರಳುಗಳನ್ನೂ ಒಂದು ಗಳಿಗೆ ಹಿಡಿದುಕೊಂಡರು. ಆಮೇಲೆ ತುಂಡನ್ನು ಬೆಳಕಿಗೆ ಹಿಡಿದು, ಕಾಲು ಸುತ್ತು ತಿರುಗಿಸಿ, ತೂಗಾಡಿಸಿ, ಇಳಿಸಿದರು.

ಸಿಸ್ಟರ್ ಗುಂಡಿ ಒತ್ತಿದರು. ಪಟ್ಟಿ ಉಬ್ಬಿತು. ಇಳಿಯುವಾಗ ಅಂಕಿಗಳು ಮೆಟ್ಟಿಲಿಳಿಯುವ ಮುದುಕರಂತೆ ನಿಂತು ನಿಂತು ಇಳಿದವು. ಅಜ್ಜಿ ಕೂಡ ಸುಮ್ಮನಿದ್ದಳು. ನೀವು ಅಜ್ಜಿಯನ್ನು ನೋಡಿಲ್ಲ, ಆದ್ದರಿಂದ ಇದೆಷ್ಟು ಗಂಭೀರವೆಂದು ನಿಮಗೆ ಗೊತ್ತಾಗದು.

ಪೀಂ ಎಂದು ಕೂಗಿತು. ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಅದು ವಾಷಿಂಗ್ ಮೆಷಿನ್ನು.

"ನೂರ ಮೂವತ್ತನಾಲ್ಕು" ಎಂದರು ಸಿಸ್ಟರ್. "ಕೆಳಗಿನದು ಎಂಬತ್ತನಾಲ್ಕು. ಪಾಸ್ ಸರ್, ಈಗ ಮಾತಾಡಿ."

ಚಿಕ್ಕಪ್ಪ ದೀರ್ಘವಾಗಿ ಉಸಿರು ಬಿಟ್ಟರು. ಚಿಕ್ಕಮ್ಮನತ್ತ ತಿರುಗಿದರು. "ಇದು ಹನ್ನೊಂದು ಗಂಟೆಯ ನೀಲಿ ಕಣೇ. ನನ್ನ ಬ್ರೇಕ್ ಟೈಮು. ಇನ್ನು ದಿನಾ ಆ ಹೊತ್ತಿಗೆ ಮೇಲಿಂದ ಫೋನ್ ಮಾಡಿ ಆಕಾಶ ಹೇಗಿದೆ ಅಂತ ಹೇಳ್ತೀನಿ."

"ಆಕಾಶ ನನಗೂ ಕಾಣುತ್ತೆ" ಎಂದರು ಚಿಕ್ಕಮ್ಮ ಕಣ್ಣೊರೆಸಿಕೊಂಡು. "ನೀವು ಹೇಗಿದ್ದೀರಿ ಅಂತ ಹೇಳಿ, ಸಾಕು."

"ಆಯ್ತು." ಆಮೇಲೆ ಆ ಕುತ್ತಿಗೆ ಕ್ರೇನಿನ ಹಾಗೆ ಮೆಲ್ಲಗೆ ನನ್ನತ್ತ ತಿರುಗಿತು. "ರೇಡಿಯೋ. ಹಕ್ಕಿ ಎಲ್ಲೋ?"

ಸುಳ್ಳು ಹೇಳಲು ಸಮಯವಿರಲಿಲ್ಲ. ಓಡಿಹೋಗಿ ಬೀಗ ಬಿಡುವುದನ್ನೇ ಕಾದು ಬಾಗಿಲು ತೆರೆದು, ಅಂಗಿಯ ಜೇಬಿಗೆ ಕೈ ಹಾಕಿದೆ. ಸಿಕ್ಕಿತು. ಸಿಕ್ಕಿದ್ದನ್ನು ಅಂಗೈಯಲ್ಲಿ ತಂದು ಮೇಜಿನ ಮೇಲಿಟ್ಟೆ. ರಟ್ಟು ಮೂರು ಪದರವಾಗಿ ಉಬ್ಬಿ, ಬೆರಳಿನಷ್ಟು ದಪ್ಪವಾಗಿತ್ತು. ಮೇಲಿನ ಚಿತ್ರ ಕಿತ್ತುಹೋಗಿ ಹಕ್ಕಿಯ ಒಂದು ರೆಕ್ಕೆ, ಅರ್ಧ ಕೊಕ್ಕು ಮಾತ್ರ ಉಳಿದಿತ್ತು.

"ಚಿಕ್ಕಪ್ಪ, ನಾನು... ಮುಚ್ಚಳದ ಮೇಲೆ ಹೆಸರು ಬರೀಬೇಕು ಅಂತ..." ಎಂದೆ.

ಅವರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. "ಐದು ತಿಂಗಳಾಯ್ತು" ಎಂದರು. "ಈ ಮನೇಲಿ ಯಾರೂ ನನ್ನ ಒಂದು ಚಪ್ಪಲಿ ಅಡಗಿಸಿಟ್ಟಿಲ್ಲ. ಜೋರಾಗಿ ಬೈದಿಲ್ಲ. ನಾನೇನು ಬದುಕಿದ್ದೀನೋ, ಗೋಡೆ ಮೇಲಿನ ಫೋಟೋನೋ ಅಂತ ನನಗೇ ಅನುಮಾನ ಬಂದಿತ್ತು. ಎರಡು ತೂತು ನೋಡಿದಾಗ ಮೊದಲು ಹೆದರಿದೆ ಕಣೋ. ಆಮೇಲೆ ಹಕ್ಕಿ ಜಾಗ ನೋಡ್ದೆ. ಅದನ್ನೇ ಆರಿಸಿ ಕದಿಯೋ ಕೈ ಯಾವುದು ಅಂತ ಗೊತ್ತಾಯ್ತು." ಮೀಸೆಯ ತುದಿ ಅಲುಗಿತು. "ಹೂಂ, ಮೇಸ್ತ್ರಿನ ಕರಿ."

"ಯಾರನ್ನ?"

"ವಾಕಿಟಾಕಿ ಹಾಕೋ!"

ಚಿಕ್ಕಮ್ಮನನ್ನು ನೋಡಿದೆ. ಅವರು ತಲೆಯಾಡಿಸಿದರು. ನಾನು ಮೂಗು ಹಿಡಿದೆ. "ಕ್ರ್‌ರ್... ಹಲೋ ಕ್ರೇನು... ಒದ್ದೆ ಮಾಲು ಬಂದಿದೆ... ಎಡಕ್ಕೆ, ಎಡಕ್ಕೆ... ಅಯ್ಯೋ ನಿಮ್ಮ ಎಡ ಅಲ್ಲ, ನನ್ನ ಎಡ... ಇಳಿಸಿ, ಇಳಿಸಿ... ಕ್ರ್‌ರ್..."

ಚಿಕ್ಕಪ್ಪ ಆ ಮುದ್ದೆಯನ್ನು ಎರಡು ಬೆರಳಲ್ಲಿ ತೂಗಾಡಿಸುತ್ತ ತೂತಿನ ಮೇಲೆ ಇಳಿಸಿದರು. ಅದು ಒಳಗೆ ಹೋಗಲಿಲ್ಲ. ಒತ್ತಿದರು. ಪಚಕ್ ಎಂದು ನೀರು ಚಿಮ್ಮಿ ಸೀದಾ ಸಿಸ್ಟರ್ ಕನ್ನಡಕಕ್ಕೆ ಹಾರಿತು.

"ಸರ್, ನಗಬೇಡಿ, ಪಟ್ಟಿ ಇನ್ನೂ ಬಿಚ್ಚಿಲ್ಲ..." ಎಂದು ಸಿಸ್ಟರ್ ಶುರುಮಾಡಿ ತಾವೇ ನಕ್ಕುಬಿಟ್ಟರು. ಚಿಕ್ಕಮ್ಮ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು. "ಈಗ ಹೆಸರು ಯಾರದು ಬರೆಯೋದು, ಮೆಷಿನ್ನಿಂದಾ?" ಎಂದಳು ಅಜ್ಜಿ. ಅಷ್ಟೇ, ಚಿಕ್ಕಪ್ಪ ಕುರ್ಚಿಯ ಬೆನ್ನಿಗೆ ಒರಗಿ, ಪಟ್ಟಿ ಸುತ್ತಿದ ತೋಳಿನಿಂದಲೇ ಮೇಜು ಗುದ್ದುತ್ತ, ಬಂದರೂ ದೋಣಿಗಳೂ ಆಕಾಶವೂ ಎಗರುವ ಹಾಗೆ, ನಮ್ಮೆಲ್ಲರ ನಗುವನ್ನೂ ಮುಳುಗಿಸಿ ನಕ್ಕರು.