ಸಂತ ಮಾರ್ಗರೆಟಳ ನೀಲಿ ಅಂಚು

ಸಿಸ್ಟರ್ ಓಡೀಲಿಯಾ ಅವರ ಹೆಬ್ಬೆರಳು ಆ ಜಾಗಕ್ಕೆ ಹೋದದ್ದನ್ನು ನಾನು ನೋಡದೆ ಇದ್ದಿದ್ದರೆ ನನ್ನ ಪುಸ್ತಕ ಈ ಹೊತ್ತಿಗೆ ಅಂಗಡಿಗೆ ಬಂದಿರುತ್ತಿತ್ತು.

ನೋಡುವುದು ನನ್ನ ಚಾಳಿ. ಎದುರಿಗಿರುವವರು ಮಾತಾಡುತ್ತಿದ್ದರೆ ಅವರ ಮುಖ ಬಿಟ್ಟು ಕೈ ನೋಡುತ್ತೇನೆ. ಮನೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕಾರಿನಿಂದ ಇಳಿದು ಎರಡು ಸಲ ಹೋಗಿ ಬರುತ್ತೇನೆ. ಈ ಸ್ವಭಾವದಿಂದ ಬದುಕಿನಲ್ಲಿ ಸುಖವೇನೂ ಸಿಕ್ಕಿಲ್ಲ. ಆದರೆ ಎಂಟುನೂರು ವರ್ಷ ಹಳೆಯ ಪುಸ್ತಕಗಳನ್ನು ಓದುವ ಕೆಲಸಕ್ಕೆ ಒಳ್ಳೆಯದು ಎಂದುಕೊಂಡಿದ್ದೆ.

ಅವತ್ತು ಮಾರ್ಚ್ ತಿಂಗಳ ಒಂದು ಮಂಗಳವಾರ. ಮಿನೆಸೋಟಾದ ನಮ್ಮ ಊರಿನಲ್ಲಿ ಹಿಮ ಕರಗಿ ಕೆಸರಾಗುವ ಕಾಲ. ಕ್ರೈಸ್ತರ ವ್ರತದ ದಿನಗಳೂ ಹೌದು, ಶುಕ್ರವಾರ ಮಾಂಸ ಬಿಟ್ಟು ಮೀನು. ನಮ್ಮ ಕಾಲೇಜನ್ನು ಕಟ್ಟಿಸಿದವರು ಪಕ್ಕದ ಮಠದ ಸನ್ಯಾಸಿನಿಯರು. ಹಳೆಯ ಗ್ರಂಥಗಳ ಕೋಣೆ ಇಂದಿಗೂ ಅವರದೇ. ಸಿಸ್ಟರ್ ಓಡೀಲಿಯಾ ನಲವತ್ತು ವರ್ಷ ಅದನ್ನು ನೋಡಿಕೊಂಡವರು. ಈಗ ಎಂಬತ್ತೇಳು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ದಿನಾ ಹತ್ತು ಗಂಟೆಗೆ ಕೋಲೂರಿಕೊಂಡು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಅವರಿಗೆ ತೋರಿಸಲೆಂದು ನನ್ನ ಪುಸ್ತಕದ ಮುಖಪುಟದ ಮಾದರಿ ತಂದಿದ್ದೆ.

"ಬಂದ್ಳು ನೋಡು ರಾಣಿ ಅಮ್ಮ," ಎಂದರು. "ಕೊರಿನ್, ಶುಕ್ರವಾರದ ಮೀನೂಟಕ್ಕೆ ಬರ್ತೀಯೋ, ಇಲ್ಲಾ ನಿನ್ನ ರಾಣಿ ಜೊತೆ ಉಪವಾಸಾನೋ?"

"ಶುಕ್ರವಾರ ಕರಡಚ್ಚು ವಾಪಸ್ ಕಳಿಸ್ಬೇಕು ಸಿಸ್ಟರ್. ಅದಾದ್ಮೇಲೆ ಬರ್ತೀನಿ."

"ಆಮೇಲೆ ಬಂದ್ರೆ ಮುಳ್ಳು ಸಿಗತ್ತೆ."

ನನ್ನ ರಾಣಿಯ ಹೆಸರು ಅದೆಲಾಯಿಸ್. ಎಂಟುನೂರು ವರ್ಷದ ಹಿಂದೆ ಕಡಲಾಚೆ ಇದ್ದ ಅವಳ ರಾಜ್ಯ ತೀರ ಸಣ್ಣದು, ಕುದುರೆಯ ಮೇಲೆ ಎರಡು ದಿನದಲ್ಲಿ ದಾಟಬಹುದಾಗಿತ್ತು. ಅವಳ ಕಾಲದ ಪಾದ್ರಿಯೊಬ್ಬ ತನ್ನ ಚರಿತ್ರೆಯಲ್ಲಿ ಅವಳಿಗಾಗಿ ಖರ್ಚು ಮಾಡಿದ್ದು ಒಂದೇ ವಾಕ್ಯ: ಗರ್ವಿಷ್ಠೆ, ಬಂಜೆ, ಪ್ರಾರ್ಥನೆ ಎಂದರೆ ಬೇಸರಪಡುವವಳು. ಮುಂದಿನವರೆಲ್ಲ ಅದನ್ನೇ ನಕಲು ಮಾಡಿಕೊಂಡು ಬಂದರು. ಆದರೆ ಅವಳ ಪ್ರಾರ್ಥನಾ ಪುಸ್ತಕ ಉಳಿದುಕೊಂಡಿತು. ಅಂಗೈಯಗಲದ ಚರ್ಮದ ಹಾಳೆಗಳು. ಕೈ ಬದಲಾಗುತ್ತ, ಕಡಲು ದಾಟಿ, ಒಬ್ಬ ಹಿಟ್ಟಿನ ಗಿರಣಿಯ ಸಾಹುಕಾರನ ವಿಧವೆಯ ದಾನವಾಗಿ 1931ರಲ್ಲಿ ಈ ಮಠಕ್ಕೆ ಬಂತು.

ಕೈ ಹೆಚ್ಚು ತಗುಲಿದ ಹಾಳೆ ಹೆಚ್ಚು ಕೊಳೆಯಾಗುತ್ತದೆ. ಹಾಳೆಯ ಮಬ್ಬನ್ನು ಅಳೆಯುವ ಒಂದು ಉಪಕರಣವಿದೆ. ಅದನ್ನು ಹಿಡಿದು ನಾನು ಎರಡು ಬೇಸಿಗೆ ಪುಟಪುಟವನ್ನೂ ಅಳೆದೆ. ಎಲ್ಲ ಹಾಳೆಗಳಿಗಿಂತ ಮಬ್ಬಾಗಿದ್ದದ್ದು ಸಂತ ಮಾರ್ಗರೆಟಳ ಚಿತ್ರವಿದ್ದ ಹಾಳೆ. ತನ್ನನ್ನು ನುಂಗಿದ ಘಟಸರ್ಪದ ಬೆನ್ನು ಸೀಳಿಕೊಂಡು ಗಾಯವಿಲ್ಲದೆ ಹೊರಬರುತ್ತಿರುವ ಹುಡುಗಿ ಅವಳು. ಹಾಗಾಗಿ ಹೆರಿಗೆಯ ಹೆಂಗಸರನ್ನು ಕಾಯುವವಳು. ಅವಳ ನೀಲಿ ನಿಲುವಂಗಿಯ ಅಂಚು ಉಜ್ಜಿ ಉಜ್ಜಿ ಬಣ್ಣವೇ ಹೋಗಿ, ಒಂದು ಹೆಬ್ಬೆರಳಿನಗಲ ಬೆಳ್ಳಗಾಗಿತ್ತು.

ಬಂಜೆ ಎಂದು ಬರೆಸಿಕೊಂಡವಳು ಮಗುವಿಗಾಗಿ ಆ ಅಂಚನ್ನು ವರ್ಷಗಟ್ಟಲೆ ಮುಟ್ಟಿ ಬೇಡಿಕೊಂಡಿದ್ದಳು. ನನ್ನ ನಾಲ್ಕನೆಯ ಅಧ್ಯಾಯ ಅದು. ಆ ಅಧ್ಯಾಯದಿಂದಲೇ ಪ್ರಕಟಣಾ ಸಂಸ್ಥೆ ಪುಸ್ತಕವನ್ನು ಒಪ್ಪಿಕೊಂಡಿತ್ತು. ಪುಸ್ತಕ ಬಂದರೆ ಆರು ವರ್ಷದಿಂದ ತೂಗಾಡುತ್ತಿರುವ ನನ್ನ ಹುದ್ದೆ ಖಾಯಂ ಆಗುತ್ತದೆ. ಬರದಿದ್ದರೆ ನಲವತ್ತೆರಡನೆಯ ವಯಸ್ಸಿಗೆ ಮತ್ತೊಂದು ಊರು, ಮತ್ತೊಂದು ಅರ್ಜಿ.

ಮುಖಪುಟದಲ್ಲಿ ಆ ಅಂಚನ್ನೇ ದೊಡ್ಡದು ಮಾಡಿ ಹಾಕಿದ್ದರು. ಸಿಸ್ಟರ್ ಅದನ್ನು ಮೇಜಿನ ಮೇಲೆ ಹರಡಿಕೊಂಡು ಮೀನಿನ ಮಾತು ಮುಂದುವರಿಸಿದರು. ಈ ಸಲ ಮೀನು ಕರಿಯುವ ಕೆಲಸವನ್ನು ಯಾರಿಗೆ ಒಪ್ಪಿಸಿದ್ದಾರೆ, ಹೋದ ವರ್ಷ ಎಣ್ಣೆ ಹೇಗೆ ಕಮಟು ಹಿಡಿದಿತ್ತು ಎಂದೆಲ್ಲ. ಅವರ ಕಣ್ಣು ಕಿಟಕಿಯಾಚೆ ಇತ್ತು. ಬಲಗೈಯ ಹೆಬ್ಬೆರಳು ಮಾತ್ರ ತಾನೇ ದಾರಿ ಹುಡುಕಿಕೊಂಡು ಆ ಬಿಳಿ ಜಾಗಕ್ಕೆ ಹೋಯಿತು, ಎಡದಿಂದ ಬಲಕ್ಕೆ ಮೂರು ಸಲ ಉಜ್ಜಿತು.

"ಏನ್ ಮಾಡ್ತಿದ್ದೀರಿ ಸಿಸ್ಟರ್?"

"ಏನ್ ಮಾಡ್ತಿದ್ದೀನಿ?" ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ನಕ್ಕರು. "ಅಯ್ಯೋ, ಅಭ್ಯಾಸ ಕಣೇ. ನಂಗೆ ಮರೆತು ಹೋದ್ರೂ ಬೆರಳಿಗೆ ಮರೆತಿಲ್ಲ ನೋಡು."

"ಯಾವ ಅಭ್ಯಾಸ?"

"ಹೆರಿಗೆದು." ನನಗೆ ಇದು ಗೊತ್ತೇ ಇರಬೇಕು ಎಂಬಂತೆ ಹೇಳಿದರು. "ಆಗ ನಮ್ದೇ ಆಸ್ಪತ್ರೆ ಇತ್ತಲ್ಲ, ಈಗ ಕಾರ್ ನಿಲ್ಲಿಸ್ತಾರಲ್ಲ, ಅಲ್ಲಿ. ಯಾರಿಗಾದ್ರೂ ನೋವು ಶುರುವಾದ್ರೆ ಅಲ್ಲಿಂದ ಫೋನ್ ಬರೋದು. ಪುಸ್ತಕದ ಕೋಣೇಲಿ ಯಾರಿದ್ರೋ ಅವ್ರು ಮಾರ್ಗರೆಟ್ ಹಾಳೆ ತೆಗೆದು, ಅಂಚು ಮುಟ್ಟಿ, ಮೂರು ಸಲ ಪ್ರಾರ್ಥನೆ. ಹೆರಿಗೆ ಕಷ್ಟ ಆಯ್ತು ಅಂದ್ರೆ ಪುಸ್ತಕಾನ ಪಾತ್ರೆ ಒರೆಸೋ ಬಟ್ಟೇಲಿ ಸುತ್ಕೊಂಡು ಓಡೋದು. ಅವ್ಳ ಕೈಗೇ ಕೊಡೋದು. ಎಷ್ಟು ಗಟ್ಟಿ ಹಿಡ್ಕೊಳ್ಳೋರು ಅಂತೀಯ! ಬೆವರು, ಕಣ್ಣೀರು, ಎಲ್ಲಾ ಅದ್ರ ಮೇಲೇನೇ."

"ಎಷ್ಟು ವರ್ಷ?"

"ನಾನು ಬರೋಕ್ಕಿಂತ ಮುಂಚಿಂದ. ಆಸ್ಪತ್ರೆ ಮುಚ್ಚೋವರೆಗೂ. ಎಪ್ಪತ್ತೇಳೋ ಏನೋ."

ನಲವತ್ತಾರು ವರ್ಷ. 1931ರಿಂದ ಲೆಕ್ಕ ಹಾಕಿದರೆ ಅಷ್ಟಾಗುತ್ತಿತ್ತು. "ಆದ್ರೆ ಈ ಕೋಣೆಯ ಗ್ರಂಥಪಟ್ಟಿಯಲ್ಲಿ ಬೇರೆ ಥರ ಇದೆ ಸಿಸ್ಟರ್. ಪುಸ್ತಕ ಇಲ್ಲಿಗೆ ಬಂದಾಗಿನಿಂದ ಬೀಗ ಹಾಕಿದ ಕಪಾಟಿನಲ್ಲಿತ್ತು ಅಂತ. ಯಾರೂ ಮುಟ್ಟಿಲ್ಲ ಅಂತ. ನಾನು ಅದನ್ನೇ ಬರೆದಿದ್ದೀನಿ."

"ಪಟ್ಟಿ ಟೈಪ್ ಮಾಡಿದ್ದು ನಾನೇ ಅಲ್ವಾ." ಅವರ ನಗು ನಿಂತಿತು. "ಪೂರ್ವ ಕರಾವಳಿ ಕಡೆಯಿಂದ ಒಬ್ಬ ದೊಡ್ಡ ಪ್ರೊಫೆಸರ್ ಬಂದಿದ್ದ. ಬಿಳೀ ಕೈಗವಸು ಹಾಕ್ಕೊಂಡು ಪುಟ ತಿರುಗಿಸ್ದ. 'ಇದನ್ನ ಹೇಗೆ ಇಟ್ಕೊಂಡಿದ್ರಿ?' ಅಂತ ಕೇಳ್ದ. ಪಾತ್ರೆ ಬಟ್ಟೆ ಅಂತ ಹೇಳ್ಲಾ ನಾನು? ಬೀಗದಲ್ಲಿತ್ತು ಅಂದೆ. ಅಂದ್ಮೇಲೆ ಬರೀಲೂ ಬೇಕಾಯ್ತು."

ನಂತರ ಅವರೇ ಎದ್ದು, ಕೆಳಗಿನ ಖಾನೆಯಿಂದ ಒಂದು ಲಕೋಟೆ ತೆಗೆದರು. ದಾನ ಕೊಟ್ಟ ದಿನ ತೆಗೆಸಿದ ಫೋಟೋ. ಟೋಪಿ ಹಾಕಿದ ವಿಧವೆ, ಮಠದ ಹಿರಿಯ ತಾಯಿ, ಇಬ್ಬರ ನಡುವೆ ತೆರೆದಿಟ್ಟ ಪುಸ್ತಕ. ಹಾಳೆ ಅದೇ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪುಬಿಳುಪಿನಲ್ಲೂ ಸ್ಪಷ್ಟವಾಗಿತ್ತು: ಮಾರ್ಗರೆಟಳ ಅಂಚು ಆ ತುದಿಯಿಂದ ಈ ತುದಿಯವರೆಗೆ ಗಾಢವಾಗಿ, ಇಡಿಯಾಗಿತ್ತು.

ಏಳುನೂರು ವರ್ಷ ಯಾರೂ ಅದನ್ನು ಉಜ್ಜಿರಲಿಲ್ಲ.

ಮರುದಿನವೆಲ್ಲ ಕರಡಚ್ಚಿನ ಮುಂದೆ ಕುಳಿತೆ. ಮಾತುಗಳನ್ನು ತೂಗಿ ಬಳಸುವವಳು ಎಂದು ನನಗೆ ಹೆಸರಿದೆ. ಆ ಜಾಣತನವೆಲ್ಲ ಅವತ್ತು ಕೆಲಸಕ್ಕೆ ಬಂತು. 'ಬೀಗ ಹಾಕಿದ ಕಪಾಟಿನಲ್ಲಿತ್ತು' ಎಂಬುದನ್ನು 'ಬಹುಮಟ್ಟಿಗೆ ಕಪಾಟಿನಲ್ಲಿತ್ತು' ಎಂದು ತಿದ್ದಿದೆ. ಅಡಿಟಿಪ್ಪಣಿಯಲ್ಲಿ 'ಈಚಿನ ಕಾಲದ ಬಳಕೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು' ಎಂದು ಬರೆದೆ. ಅದರ ಮುಂದೆ 'ಆದರೂ' ಎಂದು ಬರೆದು ಪೆನ್ನು ಎತ್ತಿದೆ. ಅಲ್ಲಿಯವರೆಗಿನದು ಅರ್ಧ ನಿಜವಾದರೂ ಆಗಿತ್ತು. ಆ ಪದದ ಮುಂದೆ ನಾನು ಏನು ಬರೆದರೂ ಸುಳ್ಳು. ಪಾದ್ರಿ ಒಂದು ವಾಕ್ಯದಲ್ಲಿ ಅವಳಿಗೆ ಮಾಡಿದ್ದನ್ನು ನಾನು ಮೂವತ್ತು ಪುಟಗಳಲ್ಲಿ ಮಾಡುತ್ತಿದ್ದೆ, ಪ್ರೀತಿಯಿಂದ ಎನ್ನುವುದಷ್ಟೇ ವ್ಯತ್ಯಾಸ.

ಗುರುವಾರ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥ ವೆಂಡೆಲ್ ಊಸ್ಟ್‌ಬಿ ಅವರ ಬಾಗಿಲು ತಟ್ಟಿದೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಖಾಯಂ ಮಾಡುವ ಸಮಿತಿಯಲ್ಲಿ ನನ್ನ ಪರ ಮಾತಾಡಬೇಕಾದವರೂ ಅವರೇ. ಎಲ್ಲವನ್ನೂ ಹೇಳಿ ಫೋಟೋ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಇದು ಯಾರ್ಯಾರಿಗೆ ಗೊತ್ತು?"

"ಸಿಸ್ಟರ್‌ಗೆ, ನನಗೆ. ಈಗ ನಿಮಗೆ."

"ಓಡೀಲಿಯಾ ಅವ್ರಿಗೆ ಎಂಬತ್ತೇಳು, ಕೊರಿನ್." ಅವರು ದನಿ ತಗ್ಗಿಸಿದರು. "ನೆನಪು ಹಿಂದುಮುಂದಾಗೋ ವಯಸ್ಸು. ನಾನು ಇದನ್ನ ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ಪುಸ್ತಕ ಬರ್ಲಿ, ಖಾಯಂ ಆಗ್ಲಿ. ಎರಡನೇ ಮುದ್ರಣದಲ್ಲಿ ಸರಿಮಾಡ್ಕೋ."

"ನಮ್ಮಂಥೋರ ಪುಸ್ತಕಕ್ಕೆ ಎರಡನೇ ಮುದ್ರಣ ಎಲ್ಲಿದೆ ವೆಂಡೆಲ್?"

"ಅದೂ ನಿಜ." ನಕ್ಕರು.

ಹೇಳುವುದೋ ಬೇಡವೋ ಎಂದು ಮೆಟ್ಟಿಲು ಹತ್ತುವಾಗಲೇ ಯೋಚಿಸಿದ್ದೆ. ಹೇಳಿದೆ. "ಸಿಸ್ಟರ್ ನೆನಪು ಹಿಂದುಮುಂದಾಗಿಲ್ಲ. ಅರವತ್ತೊಂದನೇ ಇಸವಿ, ಅಕ್ಟೋಬರ್, ಮೊದಲನೇ ಹಿಮ ಬಿದ್ದ ದಿನ. ಮಗು ಕಾಲು ಮುಂದಾಗಿ ಬರ್ತಿತ್ತಂತೆ. ಪುಸ್ತಕ ಮೂರು ಗಂಟೆ ಆ ತಾಯಿ ಕೈಯಲ್ಲಿತ್ತಂತೆ. ನೀವು ಹುಟ್ಟಿದ ದಿನ ಅದು. ಇದನ್ನ ನಿಮಗೆ ಹೇಳ್ಲಾ ಅಂತ ಅವ್ರನ್ನ ಕೇಳಿದೆ. ಹೇಳು, ಅವ್ನಿಗೆ ಅವತ್ತಿಂದ್ಲೂ ಎಲ್ಲಾನೂ ಉಲ್ಟಾನೇ ಅಂದ್ರು."

ವೆಂಡೆಲ್ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮ ಯಾವತ್ತೂ ಹೇಳ್ಲಿಲ್ಲ," ಎಂದರು. ಫೋಟೋವನ್ನು ನನ್ನ ಕಡೆ ಸರಿಸಿದರು. "ಅಧ್ಯಾಯ ಇಲ್ದೆ ನಾನು ಸಮಿತೀಲಿ ಏನಂತ ವಾದ ಮಾಡ್ಲಿ? ಅವ್ರು ಒಪ್ಪಲ್ಲ. ಬಹಳ ಅಂದ್ರೆ ಇನ್ನೊಂದು ವರ್ಷ ಕೊಡಿಸ್ಬಹುದು. ಅದೂ ಖಾತ್ರಿ ಇಲ್ಲ."

"ಗೊತ್ತು."

ಪ್ರಕಟಣಾ ಸಂಸ್ಥೆಗೆ ಇಮೇಲ್ ಬರೆದು ಮುಗಿಸಲು ಮೂರು ಗಂಟೆ ಹಿಡಿಯಿತು. ಕೊನೆಯಲ್ಲಿ ಉಳಿದದ್ದು ನಾಲ್ಕೇ ಸಾಲು: ನಾಲ್ಕನೆಯ ಅಧ್ಯಾಯ ತಪ್ಪು. ಸವೆತ ರಾಣಿಯದಲ್ಲ. ಆಧಾರ ಇದರೊಂದಿಗಿದೆ. ಪುಸ್ತಕವನ್ನು ದಯವಿಟ್ಟು ತಡೆಹಿಡಿಯಿರಿ. ಕಳಿಸಿದೆ. ಹೋಯಿತೋ ಇಲ್ಲವೋ ಎಂದು ಎರಡು ಸಲ ತೆರೆದು ನೋಡಿದೆ. ಹೋಗಿತ್ತು.

ಶುಕ್ರವಾರ ಬೇಗನೇ ಮೀನೂಟಕ್ಕೆ ಹೋದೆ. ಆಮೇಲೆ ಸಿಸ್ಟರ್ ಜೊತೆ ಗ್ರಂಥದ ಕೋಣೆಗೆ ಬಂದು, ಪುಸ್ತಕವನ್ನು ಮೆತ್ತೆಯ ಮೇಲಿಟ್ಟು, ಆ ಹಾಳೆ ತೆರೆದೆ.

"ನಾನು ನಿನ್ನ ಕೆಲಸ ಕೆಡಿಸ್ದೆ," ಎಂದರು.

"ಕೆಡಿಸಿದ್ದು ನಾನೇ. ಎರಡು ಬೇಸಿಗೆ ಹಾಳೆ ಮೇಲಿನ ಕೊಳೆ ಅಳೆದೆ. ಪಕ್ಕದ ಕುರ್ಚೀಲಿ ಕೂತಿದ್ದ ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರೂ ಬೀಗದಲ್ಲಿತ್ತು ಅಂತಿದ್ನೇನೋ." ಅವರು ಕೋಲಿನ ಹಿಡಿಯನ್ನು ಸವರುತ್ತ ಕುಳಿತರು. "ನಿನ್ನ ರಾಣಿ ಗತಿ ಏನೀಗ?"

"ಇದ್ದಾಳೆ. ಅವಳು ಪ್ರಾರ್ಥನೆ ಮಾಡಿದ್ಲೋ ಇಲ್ವೋ, ನಂಗೆ ಗೊತ್ತಿಲ್ಲ ಅಂತ ಬರೀತೀನಿ."

"ಪಾಪ. ಅಷ್ಟೇನಾ?"

"ಆ ಪಾದ್ರಿಗೂ ಗೊತ್ತಿರ್ಲಿಲ್ಲ ಅಂತಾನೂ ಬರೀತೀನಿ."

ಅದು ಅವರಿಗೆ ಹಿಡಿಸಿತು. ನಾನು ನೋಟ್‌ಬುಕ್ ತೆರೆದೆ. ಈ ಹಾಳೆಯನ್ನು ಹಿಡಿದ ತಾಯಂದಿರ ಬಗ್ಗೆ ಇನ್ನು ಬರೆಯಬೇಕಾದ ಅಧ್ಯಾಯದಲ್ಲಿ ಸಿಸ್ಟರ್ ಹೇಳಿದ ಸುಳ್ಳೂ ಬರುತ್ತದೆ; ಅದನ್ನು ಹೇಗೆ ಕೇಳುವುದೆಂದು ನಾನು ತಡವರಿಸುತ್ತಿರುವಾಗ ಅವರೇ ಹೇಳಿದರು:

"ಓಡೀಲಿಯಾ ಸುಳ್ಳು ಹೇಳಿದ್ಲು ಅಂತಲೇ ಬರಿ. ಸುತ್ತಿ ಬಳಸಿ ಬರೀಬೇಡ, ನಿಂಗೆ ಆ ಕೆಟ್ಟ ಅಭ್ಯಾಸ ಇದೆ. ಆದ್ರೆ ಪಾತ್ರೆ ಬಟ್ಟೆ ವಿಷ್ಯಾನೂ ಬರಿ. ದಿನಾ ಒಗೆದು ಇಸ್ತ್ರಿ ಮಾಡ್ತಿದ್ವಿ, ಅದನ್ನೂ ಬರಿ."

ಬರೆದುಕೊಂಡೆ. "ಮೊದಲು ಯಾರ ವಿಷಯ ಹೇಳ್ತೀರಿ?"

ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಅವರ ಹೆಬ್ಬೆರಳು ಪುಸ್ತಕದ ಕಡೆ ಹೊರಟಿತು. ನಾನು ಇಲ್ಲಿನ ನಿಯಮದಂತೆ ತಡೆಯಬೇಕಿತ್ತು. ಕೈ ಅರ್ಧ ಎತ್ತಿಯೂ ಇದ್ದೆ. ಅಷ್ಟರಲ್ಲಿ ಅವರ ಬೆರಳು ಹಾಳೆಯಿಂದ ಒಂದು ಗೆಣ್ಣು ಮೇಲೆ ತಾನಾಗಿಯೇ ನಿಂತು, ಗಾಳಿಯಲ್ಲೇ ಎಡದಿಂದ ಬಲಕ್ಕೆ ಮೂರು ಸಲ ಆಡಿತು.

"ಆಗ್ನೆಸ್," ಎಂದರು. "ಹಾಲಿನ ಡೈರಿ ಆಗ್ನೆಸ್. ಅವಳಿ ಮಕ್ಕಳು."