ಓರೆಗೆ ಹಿಡಿದ ಅಂಗೈ

ಬಸಲಿಂಗಮ್ಮನ ಗಂಡ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಸಾವಿನ ದುಃಖವನ್ನು ಆಕೆ ಹೇಗೋ ಶಿವನಿಗೆ ಒಪ್ಪಿಸಿದ್ದಳು. ಒಪ್ಪಿಸಲಾಗದೆ ಎದೆಯಲ್ಲೇ ಉಳಿದದ್ದು ಇನ್ನೊಂದಿತ್ತು: ಕಡೆಯ ಎರಡು ವರ್ಷ ಅವರು ಆಕೆಯ ಮುಖವನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ.

ವೈಜನಾಥಪ್ಪನವರು ಬೀದರಿನಲ್ಲಿ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ಏನಾಯಿತೋ, ಮಾತಾಡಿಸಿದರೆ ಮುಖವನ್ನು ಎಡಕ್ಕೆ ಹೊರಳಿಸಿ, ಗೋಡೆಗೆ ಉತ್ತರ ಕೊಡುವವರಂತೆ ಉತ್ತರ ಕೊಡುತ್ತಿದ್ದರು. ಪೂಜೆಯಲ್ಲೂ ಅದೇ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿದು ಐವತ್ತು ವರ್ಷ ನೋಟ ಕದಲಿಸದವರು, ಈಗ ಅಂಗೈಯನ್ನು ಓರೆಗೆ ಹಿಡಿದು ದೃಷ್ಟಿಯನ್ನು ಇನ್ನೆಲ್ಲೋ ನೆಟ್ಟು ಕೂರುತ್ತಿದ್ದರು. ಲಿಂಗ ಒಂದು ಕಡೆ, ಲಕ್ಷ್ಯ ಒಂದು ಕಡೆ, ಇದೆಂಥ ಪೂಜೆ ಎಂದು ಆಕೆ ಹಂಗಿಸಿದ್ದಳು. ಅವರು ಸುಮ್ಮನೆ ನಕ್ಕಿದ್ದರು. ಒಮ್ಮೆ ತಡೆಯಲಾರದೆ, "ನನ್ನ ಮಾರಿ ನೋಡಿ ಮಾತಾಡ್ರಿ" ಎಂದಿದ್ದಳು.

"ನೋಡಾಕತ್ತೀನಲ್ಲ" ಎಂದಿದ್ದರು ಅವರು, ಗೋಡೆಯ ಕಡೆಗೆ ತಿರುಗಿಕೊಂಡೇ.

ಅದು ಕುಚೋದ್ಯವೆಂದು ಆಕೆ ಎರಡು ದಿನ ಮಾತು ಬಿಟ್ಟಿದ್ದಳು. ಕಣ್ಣು ಮಸುಕು ಎಂದು ಅವರು ಹೇಳದೆ ಇರಲಿಲ್ಲ. ಆದರೆ ಓಣಿಯವರೆಲ್ಲ ಮೋತಿಬಿಂದು ಎಂದರು. ಪೊರೆ ಪೂರ್ತಿ ಬಲಿಯಲಿ, ಆಮೇಲೆ ತೆಗೆಸಿದರಾಯಿತು ಎಂದರು. ಯಾರ ಕೈಯನ್ನೂ ಹಿಡಿಯದೆ ಸಂತೆಗೆ ಹೋಗಿಬರುವ ಮನುಷ್ಯನಿಗೆ ಕಣ್ಣಿಲ್ಲವೆಂದು ಯಾರು ನಂಬುತ್ತಾರೆ? ಪೊರೆ ಬಲಿಯುವುದನ್ನು ಕಾಯುತ್ತಿರುವಾಗಲೇ ಎದೆನೋವು ಬಂದು ಅವರು ಹೋಗಿಬಿಟ್ಟರು.

ಬಸಲಿಂಗಮ್ಮ ಈಗ ತೆಲುಗು ನಾಡಿನ ಮಹಾನಗರದಲ್ಲಿ, ಮಣಿಕೊಂಡ ಬಡಾವಣೆಯ ಮಗಳು ಅನುರಾಧಾಳ ಮನೆಯಲ್ಲಿದ್ದಳು. ಮಗಳ ಕಚೇರಿಯಿದ್ದ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅನುರಾಧಾಳ ಕಂಪನಿಯವರು ನೌಕರರ ತಂದೆತಾಯಿಗಳಿಗೆ ಕಣ್ಣಿನ ತಪಾಸಣೆ ಇಟ್ಟುಕೊಂಡಿದ್ದರು. ತನ್ನ ಕಣ್ಣು ಚೆನ್ನಾಗಿಯೇ ಇದೆ ಎಂದು ಮುನಿಸಿಕೊಂಡ ತಾಯಿಯನ್ನು ಮಗಳು ಎಬ್ಬಿಸಿಕೊಂಡು ಹೋದಳು.

ಕಣ್ಣಿಗೆ ಹನಿ ಹಾಕಿ ಅರ್ಧ ಗಂಟೆ ಕೂರಿಸಿದರು. ಆಮೇಲೆ ಡಾಕ್ಟರ್ ಸಿಂಚನಾ ಒಂದು ಯಂತ್ರದ ಮುಂದೆ ಗದ್ದ ಇಡಿಸಿ, ಒಳಗಿನ ಹಸಿರು ಬೆಳಕನ್ನೇ ನೋಡಬೇಕು, ರೆಪ್ಪೆ ಬಡಿಯಬಾರದು ಎಂದಳು. ಮೈಸೂರಿನ ಹುಡುಗಿ. ತೆಲುಗಿಗೆ ಸಿದ್ಧಳಾಗಿ ಬಂದಿದ್ದ ಬಸಲಿಂಗಮ್ಮನಿಗೆ ಆ ಕನ್ನಡ ಕೇಳಿಯೇ ಅರ್ಧ ಭಯ ಹೋಯಿತು. ಪಟ ಮೊದಲ ಸಲಕ್ಕೇ ಚೊಕ್ಕವಾಗಿ ಬಂತು.

"ಹುಡುಗರು ಕೂಡ ಇಷ್ಟು ಅಲ್ಲಾಡದೆ ಕೂರಲ್ಲ ಅಜ್ಜಿ. ಎಲ್ಲಿ ಕಲಿತ್ರಿ?"

"ಪೂಜಾದಾಗ."

ಪರದೆಯ ಮೇಲೆ ಕಣ್ಣಿನ ಒಳಗು ಕೆಂಪಗೆ, ದುಂಡಗೆ ಮೂಡಿತ್ತು. ನಡುಭಾಗದ ಸುತ್ತ ಕಡಲೆಹಿಟ್ಟು ಉದುರಿದಂತೆ ಸಣ್ಣ ಹಳದಿ ಕಣಗಳು. ಇದು ಪೊರೆಯಲ್ಲ, ವಯಸ್ಸಿನಿಂದ ಕಣ್ಣಿನ ಹಿಂಪರದೆಯ ಕೆಳಗೆ ಕೂರುವ ಗಸಿ ಎಂದು ಸಿಂಚನಾ ತಿಳಿಸಿದಳು. ಈಗಿನ್ನೂ ಆರಂಭ, ಸೊಪ್ಪು ತಿನ್ನಬೇಕು, ಆರು ತಿಂಗಳಿಗೊಮ್ಮೆ ಪಟ ತೆಗೆಸಬೇಕು, ಅಷ್ಟೇ. ಹೆಚ್ಚಾದರೆ ಕುರುಡಾಗುತ್ತೇನೆಯೇ ಎಂದು ಬಸಲಿಂಗಮ್ಮ ಕೇಳಿದಳು.

"ಪೂರ್ತಿ ಕತ್ತಲಾಗಲ್ಲ. ಎಲ್ಲರಿಗೂ ಹೆಚ್ಚಾಗೋದೂ ಇಲ್ಲ. ಹೆಚ್ಚಾದವರಿಗೆ ನಡುವಿನ ನೋಟ ಹೋಗುತ್ತೆ, ಸುತ್ತಲಿನದು ಉಳಿಯುತ್ತೆ. ಓಡಾಡ್ತಾರೆ, ಆದ್ರೆ ಎದುರಿಗಿರೋ ಮುಖ ಕಾಣಲ್ಲ. ಆಗ ಮುಖ ಹೊರಳಿಸ್ಕೊಂಡು ಕಣ್ಣಂಚಿನಿಂದ ನೋಡೋದನ್ನ ತಾವೇ ಕಲೀತಾರೆ. ನಮಗೆ ಅವರು ಬೇರೆಲ್ಲೋ ನೋಡ್ತಿದ್ದಾರೆ ಅನ್ಸುತ್ತೆ."

ಬಸಲಿಂಗಮ್ಮ ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಮೆಲ್ಲಗೆ ಎಲ್ಲವನ್ನೂ ಹೇಳಿದಳು: ಓರೆಯಾದ ಅಂಗೈ, ಗೋಡೆ, ಅವರು ಕೊಟ್ಟ ಉತ್ತರ. ತೀರಿಹೋದವರ ಕಣ್ಣನ್ನು ಈಗ ಪರೀಕ್ಷಿಸಲು ಬರುವುದಿಲ್ಲ, ಖಚಿತವಾಗಿ ಹೇಳಲಾರೆ, ಆದರೆ ನೀವು ಹೇಳುವುದೆಲ್ಲ ಹಾಗೆಯೇ ಇದೆ ಎಂದಳು ಸಿಂಚನಾ.

"ಹಂಗ ನೋಡಿದ್ರ, ಮಗಳ, ಎದುರಿಗಿದ್ದವರ ಮಾರಿ ಕಾಣ್ತದೇನು?"

"ಮಸುಕಾಗಿ ಕಾಣುತ್ತೆ. ತುಂಬಾ ಕಷ್ಟಪಡಬೇಕು ಅಜ್ಜಿ. ನೋಡಲೇಬೇಕು ಅಂತ ಆಸೆ ಇದ್ದೋರಿಗೆ ಕಾಣುತ್ತೆ."

ಮನೆಗೆ ಹೋಗುವಾಗ ಬಾಡಿಗೆ ಕಾರಿನಲ್ಲಿ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಅನುರಾಧಾ ತಾಯಿಗೆ ತನ್ನ ಕಪ್ಪು ಕನ್ನಡಕ ಹಾಕಿಸಿ, ಆರು ತಿಂಗಳಿಗೊಮ್ಮೆ ತಾನೇ ಕರೆದುಕೊಂಡು ಬರುತ್ತೇನೆ, ಅಂಜಬೇಡ ಎಂದಳು.

"ನನ್ನ ಕಣ್ಣಿನ ಚಿಂತಿ ಇಲ್ಲವ್ವ" ಎಂದಳು ಬಸಲಿಂಗಮ್ಮ. "ಅಷ್ಟು ಕಷ್ಟಪಟ್ಟು ನೋಡಿದ್ರು ನಿಮ್ಮಪ್ಪ. ಕಂಡಿದ್ದು ಏನು? ಸಿಟ್ಟಿನ ಮಾರಿ."

ಅನುರಾಧಾ ತಾಯಿಯ ಕಡೆಗೆ ತಿರುಗಿದಳು. "ಅಷ್ಟು ಸಾಫ್ ಕಾಣಂಗಿಲ್ಲ ಅಂದ್ರಲ್ಲವ್ವಾ ಡಾಕ್ಟರು. ಸಿಟ್ಟು ಕಂಡಿರಲಿಕ್ಕಿಲ್ಲ. ಬರೇ ನೀ ಕಂಡಿರ್ತೀ."

ಬಸಲಿಂಗಮ್ಮನಿಗೆ ನಗು ಬಂತು, ತಡೆಯಲಾಗಲಿಲ್ಲ. ರಸ್ತೆಯಲ್ಲಿ ಗಾಡಿಗಳ ಸಾಲು ಕದಲದೆ ನಿಂತಿತ್ತು. ಆಕೆ ಕೈಮುಗಿದು ಶಿವನಲ್ಲಿ ಬೇಡಿದಳು: ಹೆಚ್ಚು ಬೇಡ, ಒಂದು ಮಧ್ಯಾಹ್ನ ಕೊಡು. ಅವರ ಮುಂದೆ ಮುಖ ಸಡಿಲ ಬಿಟ್ಟು ಕೂರುತ್ತೇನೆ. ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ಅವರು ನನ್ನನ್ನು ನೋಡಿ ಮುಗಿಸುವವರೆಗೂ ಏಳುವುದಿಲ್ಲ.